ಕೈ ಊರದೆ ಏಳುವ ವಿದ್ಯೆ

ವಾಡಿ

ನಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟವನು. ಬಿಟ್ಟ ಮರುದಿನವೇ ರಾವೂರಿನ ಕಲ್ಲಿನ ಗಣಿಗೆ ಇಳಿದೆ. ನೆಲದಿಂದ ಕಲ್ಲು ಎಬ್ಬಿಸುವುದನ್ನು ಮೊದಲು ಕಲಿತೆ, ಎಬ್ಬಿಸಿದ ಕಲ್ಲನ್ನು ಮನೆಗಳಲ್ಲಿ ಹಾಸುವುದನ್ನು ಆಮೇಲೆ ಕಲಿತೆ. ಈಗ ಕಾಳಗಿಯಿಂದ ಚಿಂಚೋಳಿಯವರೆಗೆ ನಾನು ಹಾಸಿದ ಫರ್ಸಿಯ ಮೇಲೆ ಮಂದಿ ಉಣ್ಣುತ್ತಾರೆ, ಮಲಗುತ್ತಾರೆ, ಮಕ್ಕಳನ್ನು ಅಂಬೆಗಾಲಿಡಿಸುತ್ತಾರೆ. ಒಂದು ಕಲ್ಲೂ ಅಲುಗಾಡುವುದಿಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ ಎಂದರೆ ಸುಳ್ಳಾದೀತು. ಜಂಬಕ್ಕೇ ಹೇಳುತ್ತಿದ್ದೇನೆ.

ನನಗೆ ಒಬ್ಬಳೇ ಮಗಳು, ಸುಜಾತಾ. ಚಿತ್ತಾಪುರದಲ್ಲಿ ಕಾಲೇಜು ಓದುವಾಗ ಖೋ ಖೋ ಆಟಕ್ಕೆ ಹೆಸರಾದವಳು. ಕಲಬುರಗಿಯಲ್ಲಿ ಡಿಗ್ರಿ ಮುಗಿಸಿ, ಸರ್ಕಾರದ ಸ್ಕಾಲರ್‌ಶಿಪ್ ಗಿಟ್ಟಿಸಿಕೊಂಡು, ವೇಲ್ಸ್ ಎಂಬ ದೇಶದ ಒಂದು ವಿಶ್ವವಿದ್ಯಾಲಯಕ್ಕೆ ಕ್ರೀಡಾ ವಿಜ್ಞಾನ ಓದಲು ಹೋದಳು. ಕ್ರೀಡೆಯದಷ್ಟೇ ಅಲ್ಲ, ಮೈ ದುಡಿಯುವುದರ ವಿಜ್ಞಾನವೂ ಅದರಲ್ಲೇ ಬರುತ್ತದಂತೆ. ಅದು ಏನೆಂದು ನನಗೆ ಸರಿಯಾಗಿ ಗೊತ್ತಿರಲಿಲ್ಲ. ನನಗೆ ಗೊತ್ತಿಲ್ಲವೆಂಬುದು ಸ್ಟೇಷನ್ ಎದುರಿನ ಚಾಂದಪಾಶಾನ ಹೋಟೆಲಿಗೆಲ್ಲ ಗೊತ್ತಿತ್ತು.

ಅಲ್ಲಿನ ಕಲ್ಲಿನ ಕಟ್ಟೆಯ ಮೇಲೆ ದಿನಾ ಕೂರುವವರು ಬಸವಂತರಾವ್, ನಿವೃತ್ತ ಗುಮಾಸ್ತರು. ಕೂತರೆ ಕಟ್ಟೆಯ ಅರ್ಧ ಅವರದೇ.

“ಏನ್ ಮೇಸ್ತ್ರಿ, ಮಗಳು ಡಾಕ್ಟರಕಿ ಕಲೀಲಿಕತ್ತಾಳೋ, ಇಂಜಿನಿಯರಕಿಯೋ?”

“ಕ್ರೀಡಾ ವಿಜ್ಞಾನ ರೀ.”

“ಅಂದ್ರ ಪಿ.ಟಿ. ಮಾಸ್ತರಿಕಿ. ಸೀಟಿ ಊದೋದು ಕಲೀಲಿಕ್ಕ ವಿಮಾನ ಹತ್ತಬೇಕಿತ್ತೇನೋ ಮಾರಾಯ? ನಮ್ಮ ಸೇಡಂ ಶಾಲ್ಯಾಗ ಪುಕ್ಕಟ ಊದತಾರ.”

ಹೋಟೆಲಿನ ಮಂದಿ ನಕ್ಕರು. ನಾನು ಚಹಾ ಅರ್ಧಕ್ಕೇ ಬಿಟ್ಟು ಎದ್ದು ಬಂದೆ. ಅಂದೇ ಮಗಳಿಗೆ ಫೋನ್ ಮಾಡಿ, “ನೀ ಏನು ಕಲೀತಿ ಅಂತ ನನಗ ಬಾಯಿಲೆ ಹೇಳಬ್ಯಾಡ. ನಾನೇ ಬಂದು ಕಣ್ಣಿಲೆ ನೋಡ್ತೀನಿ,” ಅಂದೆ. ಪಾಸ್‌ಪೋರ್ಟ್ ಮಾಡಿಸಿದೆ. ಮುಂಗಾರು ಹಿಡಿದು ಕೆಲಸ ನಿಂತ ಮೇಲೆ ಹೊರಟೆ.

ನಮ್ಮ ಮನೆಯವಳು ವಿಮಾನಕ್ಕೆ ಒಲ್ಲೆ ಅಂದಳು. ತನ್ನ ಬದಲಿಗೆ ದೊಡ್ಡ ಸ್ಟೀಲ್ ಡಬ್ಬಿಯ ತುಂಬ ಶೇಂಗಾ ಹೋಳಿಗೆ ಕಳಿಸಿದಳು. ಜೊತೆಗೆ ಖಡಕ್ ಸಜ್ಜಿ ರೊಟ್ಟಿ, ಅದಕ್ಕೆ ಹಚ್ಚಿಕೊಳ್ಳಲು ಶೇಂಗಾ ಹಿಂಡಿ, ಅಂದರೆ ಖಾರದ ಚಟ್ನಿಪುಡಿ. ರೈಲು ಅಲುಗಾಡಿದ ಮೇಲೂ ಕಿಟಕಿ ಹಿಡಿದು ಹೇಳಿದಳು, “ಆ ಊರಾಗ ನಿಮ್ಮ ಎದುರಿಗೆ ಯಾರೇ ಬಂದು ಕುಂತ್ರೂ ಒಂದೊಂದು ಕೊಡ್ರಿ. ವಾಡಿಯವ್ರು ಖಾಲಿ ಕೈಲೆ ಬಂದಾರ ಅನ್ನಿಸಿಕೊಬ್ಯಾಡ್ರಿ.”

ಈ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ನಾನಂತೂ ಚೆನ್ನಾಗಿಯೇ ಇಟ್ಟುಕೊಂಡಿದ್ದೆ.

ಹೈದರಾಬಾದ್

ಚಿತ್ತಾಪುರ, ಸೇಡಂ ದಾಟಿ ಹೈದರಾಬಾದ್ ಸೇರುವವರೆಗೆ ನಾನು ಶೂರನೇ. ವಿಮಾನ ನಿಲ್ದಾಣದಲ್ಲಿ ಮಾತ್ರ ಕಾಲು ನಿಂತವು. ಮೊದಲು ನಿಂತದ್ದು ನೆಲ ನೋಡಿ. ಅಷ್ಟು ಅಗಲದ ನೆಲ, ಸಂದು ಕಾಣದ ಹಾಗೆ ಹಾಸಿದ್ದಾರೆ. ಬಗ್ಗಿ ಬೆರಳಾಡಿಸಿ ನೋಡುತ್ತಿದ್ದರೆ ಬಂದೂಕು ಹಿಡಿದ ಪೊಲೀಸಪ್ಪ ಹತ್ತಿರ ಬಂದು ಏನು ಕಳೆದುಕೊಂಡಿರಿ ಎಂದು ಹಿಂದಿಯಲ್ಲಿ ಕೇಳಿದ. ಏನೂ ಕಳೆದಿಲ್ಲ, ಕೆಲಸ ಚಲೋ ಆಗಿದೆ ಎಂದೆ. ಅವನು ನನ್ನ ಚೀಲವನ್ನು ಇನ್ನೊಮ್ಮೆ ನೋಡಿದ.

ಎರಡನೆಯ ಸಲ ನಿಂತದ್ದು ತಾನಾಗಿ ಮೇಲೇರುವ ಮೆಟ್ಟಿಲ ಎದುರು. ನೆಲ ಅಲುಗಾಡಬಾರದು ಎಂದು ಜೀವಮಾನವೆಲ್ಲ ದುಡಿದವನಿಗೆ ನಡೆಯುವ ನೆಲದ ಮೇಲೆ ಕಾಲಿಡು ಎಂದರೆ ಹೇಗೆ? ಕಸ ಗುಡಿಸುತ್ತಿದ್ದ ಹೆಣ್ಣುಮಗಳೊಬ್ಬಳು ನನ್ನ ಅವಸ್ಥೆ ನೋಡಿದಳು. ಮಾತಾಡಿಸಿದರೆ ನಮ್ಮ ಚಿಂಚೋಳಿ ಕಡೆಯವಳೇ.

“ಕಾಕಾ, ಮುಂದಿನವ್ರ ಬೆನ್ನ ನೋಡ್ರಿ, ಕೆಳಗ ನೋಡಬ್ಯಾಡ್ರಿ. ಒಂದ ಕಾಲ ಇಟ್ರ ಮುಗೀತು.”

“ಆ ಒಂದ ಕಾಲೇ ಒಲ್ಲೆ ಅಂತದವ್ವಾ.”

ಕೊನೆಗೆ ಪಕ್ಕದ ಕಲ್ಲಿನ ಮೆಟ್ಟಿಲು ಹತ್ತಿ ಹೋದೆ. ಹೋಳಿಗೆಯ ಡಬ್ಬಿ ಕಂಕುಳಲ್ಲಿ, ಚೀಲ ಹೆಗಲ ಮೇಲೆ. ಮೇಲೆ ತಲುಪಿ ಮೊಣಕಾಲು ತಿಕ್ಕಿಕೊಂಡೆ. ಗಣಿಯಲ್ಲಿ ಕುಕ್ಕರುಗಾಲಲ್ಲಿ ಕೂತು ಕಲ್ಲು ಕೆತ್ತಿದವರ ಮೊಣಕಾಲು ಹೇಗಿರುತ್ತವೆ ಎಂದು ರಾವೂರಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ವಿಮಾನದ ಕುರ್ಚಿಯಿಂದ ಏಳುವಾಗಲಂತೂ ಮುಂದಿನ ಕುರ್ಚಿಯನ್ನು ಎಷ್ಟು ಜಗ್ಗಿದೆನೆಂದರೆ ಅದರಲ್ಲಿ ಕೂತ ಯಜಮಾನರು ಹೊರಳಿ ನೋಡಿ, ತಾವೇ ಕ್ಷಮೆ ಕೇಳಿದರು. ಯಾಕೆಂದು ನನಗೆ ತಿಳಿಯಲಿಲ್ಲ. ಆ ದೇಶದವರು ಕಾಲು ತುಳಿಸಿಕೊಂಡವರೇ ಕ್ಷಮೆ ಕೇಳುತ್ತಾರೆಂದು ಆಮೇಲೆ ತಿಳಿಯಿತು.

ಮಗಳ ಊರು

ಸಮುದ್ರದ ದಂಡೆಯ ಸಣ್ಣ ಊರು. ಹಿಂದೆ ಗುಡ್ಡ. ಸ್ಟೇಷನ್ನಿನಲ್ಲಿ ಇಳಿದೊಡನೆ ನಾನು ಮಗಳ ಮುಖ ನೋಡುವ ಮೊದಲು ಮನೆಗಳ ಮಾಳಿಗೆ ನೋಡಿದೆನಂತೆ. ಈಗಲೂ ಅದನ್ನೇ ಹೇಳಿ ಅಣಕಿಸುತ್ತಾಳೆ. ಆದರೆ ನೋಡದೆ ಇರುವುದು ಹೇಗೆ? ಆ ಊರಿನವರೂ ಕಲ್ಲಿನವರೇ. ಗುಡ್ಡದಲ್ಲಿ ಕಪ್ಪು ಕಲ್ಲಿನ ಗಣಿಗಳು. ನಮ್ಮ ಶಹಾಬಾದ್ ಕಲ್ಲಿನ ಹಾಗೆ ಪದರು ಪದರಾಗಿ ಏಳುವ ಕಲ್ಲು. ನಾವು ಅದನ್ನು ಕಾಲ ಕೆಳಗೆ ಹಾಸುತ್ತೇವೆ. ಅವರು ಹಾಳೆಯಷ್ಟು ತೆಳ್ಳಗೆ ಸೀಳಿ ಮಾಳಿಗೆಯಾಗಿ ತಲೆಯ ಮೇಲೆ ಹೊದೆಯುತ್ತಾರೆ.

ಅವರ ನಡತೆಗಳು ವಿಚಿತ್ರ. ಬಸ್ಸಿನಿಂದ ಇಳಿಯುವಾಗ ಒಬ್ಬೊಬ್ಬರೂ ಡ್ರೈವರನಿಗೆ ಥ್ಯಾಂಕ್ಯೂ ಹೇಳಿ ಇಳಿಯುತ್ತಾರೆ. ನಮ್ಮ ಕಾಳಗಿ ಬಸ್ಸಿನಲ್ಲಿ ಹಾಗೆ ಹೇಳಿದರೆ ಡ್ರೈವರ್ ಏನೋ ಕಿತಾಪತಿ ಇದೆ ಎಂದು ಬಸ್ಸು ನಿಲ್ಲಿಸಿಯಾನು. ಇನ್ನೊಂದು, ಅಲ್ಲಿ ಹಳಬರು ಮನೆಯಲ್ಲಿ ಮಾತಾಡುವುದು ಇಂಗ್ಲಿಷ್ ಅಲ್ಲ, ವೆಲ್ಷ್ ಎಂಬ ಅವರದೇ ನುಡಿ. ಇಂಗ್ಲಿಷ್ ಅವರಿಗೂ ಶಾಲೆಯಲ್ಲಿ ಕಲಿತ ಭಾಷೆ. ಇದು ತಿಳಿದ ಮೇಲೆ ನನ್ನ ಹರಕು ಇಂಗ್ಲಿಷಿನ ನಾಚಿಕೆ ಅರ್ಧ ಹೋಯಿತು.

ಮಗಳ ಗುರುಗಳು ಹೆಲೆನ್ ಎಂಬ ಹೆಣ್ಣುಮಗಳು. ಪ್ರೊಫೆಸರು. ಸೈಕಲ್ ಮೇಲೆ ಬರುತ್ತಾರೆ, ಕುಡಿದ ಕಪ್ಪು ತಾವೇ ತೊಳೆಯುತ್ತಾರೆ. ನನ್ನ ಮಗಳು ಅವರನ್ನು “ಹೆಲೆನ್” ಎಂದು ಹೆಸರು ಹಿಡಿದು ಕರೆದಾಗ ನಾನು ಅವಳ ತೋಳು ಹಿಡಿದು ಪಕ್ಕಕ್ಕೆ ಎಳೆದೆ.

“ಮೇಡಂ ಅನ್ನಂಗಿಲ್ಲೇನ?”

“ಅಂದ್ರ ಅವ್ರು ಬೇಜಾರ ಮಾಡ್ಕೋತಾರ ಅಪ್ಪ.”

“ಮಾಡ್ಕೊಳ್ಳಿ. ನಾ ಮೇಡಂ ಅಂತೀನಿ.”

ಊರಿಗೆ ಹೊರಡುವ ದಿನದವರೆಗೂ ನಾನು ಅವರನ್ನು ಮೇಡಮ್ಮೋರೇ ಎಂದೇ ಕರೆದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಅದು ನಮ್ಮ ಭಾಷೆಯ ಏನೋ ಒಂದು ಮಾತು ಎಂದುಕೊಂಡಿರಬೇಕು.

ಮಗಳ ಕೆಲಸ ಕಡೆಗೂ ಕಣ್ಣಿಗೆ ಬಿತ್ತು. ಗಣಿಯಿಂದ ನಿವೃತ್ತರಾದ ಮುದುಕರನ್ನು ಕೂಡಿಸಿಕೊಂಡು ಚಳಿಗಾಲದಿಂದ ವ್ಯಾಯಾಮ ಮಾಡಿಸಿದ್ದಾಳೆ. ಮುಖ್ಯವಾದದ್ದು ಒಂದೇ. ಎರಡೂ ಕೈ ಎದೆಯ ಮೇಲೆ ಕಟ್ಟಿಕೊಂಡು ಕುರ್ಚಿಯಿಂದ ಏಳಬೇಕು, ಕೂರಬೇಕು, ಮತ್ತೆ ಏಳಬೇಕು. ಶುರುವಿಗೆ ಎಲ್ಲರನ್ನೂ ಯಂತ್ರಕ್ಕೆ ಹಚ್ಚಿ ಅಳತೆ ತೆಗೆದಿದ್ದಳು. ಈಗ ಕೊನೆಯ ಅಳತೆ. ಉಳಿದವರೆಲ್ಲ ಮುಗಿದು ನಾಲ್ಕು ಜನ ಬಾಕಿ. ಅವರದೂ ಮುಗಿದರೆ ಅವಳ ಪರೀಕ್ಷೆ ಮುಗಿದಂತೆ. ಆ ನಾಲ್ವರ ಅಳತೆ ಸಿಗದಿದ್ದರೆ ಗುಂಪು ಅಪೂರ್ಣ, ಈ ವರ್ಷ ಡಿಗ್ರಿ ಇಲ್ಲ. ಸ್ಕಾಲರ್‌ಶಿಪ್ಪಿನ ಅವಧಿಯೂ ಈ ವರ್ಷಕ್ಕೇ ತೀರುತ್ತದೆ.

“ಇದಕ್ಕ ಮೊಣಕಾಲೇ ಯಾಕ ಹಿಡದಿ? ಓಡೋ ಹುಡುಗರ ಮ್ಯಾಲ ಮಾಡಬಾರದಿತ್ತಾ?” ಎಂದು ಕೇಳಿದೆ.

“ನೀ ಉಂಡು ಎದ್ದೇಳುವಾಗ ‘ಅಯ್ಯವ್ವಾ’ ಅಂತಿದ್ದಿ ನೋಡು. ಅದನ್ನ ಕೇಳಿ ಕೇಳಿ ಬೆಳದೀನಿ,” ಅಂದಳು, ಯಂತ್ರದ ತಂತಿ ಬಿಡಿಸುತ್ತಲೇ.

ನಾನು ತಂತಿಯ ಇನ್ನೊಂದು ತುದಿ ಹಿಡಿದುಕೊಂಡೆ.

ಕಾಲೇಜಿನ ಪಡಸಾಲೆ

ಮರುದಿನ ಬೆಳಿಗ್ಗೆ ಆ ನಾಲ್ವರ ಸರದಿ. ಸುಜಾತಾ ಒಳಗೆ ಯಂತ್ರ ಹೊಂದಿಸುತ್ತಿದ್ದಳು. ನನ್ನನ್ನು ಹೊರಗಿನ ಪಡಸಾಲೆಯಲ್ಲಿ ಕುರ್ಚಿ ಹಾಕಿ ಕೂರಿಸಿ, “ಅಪ್ಪ, ಅವ್ರು ಬಂದ್ರ ಜರಾ ಕುಂದ್ರಿಸು, ನಾ ಕರೀತೀನಿ,” ಅಂದಳು.

ಕೂರಿಸು ಎಂದರೆ ನಮ್ಮ ಕಡೆ ಬರೀ ಕೂರಿಸುವುದಲ್ಲ. ಬಂದವರನ್ನು ಬರಿಗೈಯಲ್ಲಿ ಕೂರಿಸುವ ಮನೆಯನ್ನು ನಾನು ಇನ್ನೂ ನೋಡಿಲ್ಲ. ನಾಲ್ವರೂ ಒಬ್ಬೊಬ್ಬರಾಗಿ ಬಂದರು. ಕೈ ನೋಡಿದರೆ ಕಲ್ಲಿನ ಕೈ, ನಮ್ಮವರದೇ ಹಾಗೆ ಬೆರಳಿನ ಗೆಣ್ಣು ಊದಿದ ಕೈ. ಮುಖ ಮಾತ್ರ ಬಾಡಿದ್ದವು. ಪಾಪ, ಇಷ್ಟು ಮುಂಜಾನೆ ಬಂದಿದ್ದಾರೆ, ಮನೆಯಲ್ಲಿ ಏನೂ ತಿಂದಿರಲಿಕ್ಕಿಲ್ಲ ಅನಿಸಿತು. ಜೊತೆಗೇ ತಂದಿದ್ದ ಡಬ್ಬಿ ತೆರೆದೆ.

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಲ್ಲಿ ಎತ್ತರದವರು, ಹೆಸರು ಎಮ್ರಿಸ್, ಒಳಗಿನ ಬಾಗಿಲ ಕಡೆ ಬೆರಳು ತೋರಿಸಿ ಏನೋ ಕೇಳಿದರು. ಮಗಳ ಮನೆಯದಾ ಎಂದು ಕೇಳಿದರೆಂದು ತಿಳಿದು ನಾನು “ಯೆಸ್, ಯೆಸ್” ಅಂದೆ. ಆಗ ಗಂಭೀರವಾಗಿ ಒಂದೊಂದು ತೆಗೆದುಕೊಂಡು ತಿಂದರು. ಒಬ್ಬರು ಎರಡನೆಯದೂ ತಿಂದರು. ಎಮ್ರಿಸ್ ತಮ್ಮ ಹೆಂಡತಿಗೆಂದು ಒಂದನ್ನು ಕಾಗದದಲ್ಲಿ ಸುತ್ತಿಕೊಂಡು, ಕಿಟಕಿಯಿಂದ ಕೆಳಗಿನ ಕೆಂಪು ಬಾಗಿಲಿನ ಮನೆ ತೋರಿಸಿದರು. ತಮ್ಮದೇ ಮನೆ ಎಂದು ಎದೆ ಮುಟ್ಟಿಕೊಂಡರು. ನನಗೆ ವಾಡಿಯ ಮರ್ಯಾದೆ ಉಳಿಸಿದ ಸಮಾಧಾನ.

ಸುಜಾತಾ ಹೊರಬಂದಾಗ ನಾಲ್ವರ ಬಾಯಲ್ಲೂ ಬೆಲ್ಲ.

“ಅಪ್ಪ, ಏನ್ ಕೊಟ್ಟಿ?”

“ಹೋಳಿಗಿ.”

ಅವಳು ಗೋಡೆಗೆ ಒರಗಿದಳು. ಮೊದಲು ಅವರನ್ನು ಗಾಬರಿಯಿಂದ ಏನೋ ಕೇಳಿದಳು. ಶೇಂಗಾ ಕೆಲವರ ಮೈಗೆ ವಿಷವಾಗುತ್ತದಂತೆ ಆ ದೇಶದಲ್ಲಿ. ಪುಣ್ಯಕ್ಕೆ ಅವರ ಪೈಕಿ ಅಂಥವರಿರಲಿಲ್ಲ. ಆಮೇಲೆ ನನಗೆ ಹೇಳಿದಳು. ಆ ಅಳತೆ ಹಸಿದ ಹೊಟ್ಟೆಯಲ್ಲೇ ತೆಗೆಯಬೇಕು. ಹಿಂದಿನ ಸಂಜೆಯಿಂದ ನಾಲ್ವರೂ ನೀರು ಬಿಟ್ಟು ಏನೂ ಮುಟ್ಟಿರಲಿಲ್ಲ. ಉಪವಾಸದವರ ಬಾಯಿಗೆ ನಾನು ಹೋಳಿಗೆ ಇಟ್ಟಿದ್ದೆ. ಎಮ್ರಿಸ್ ಬಾಗಿಲು ತೋರಿಸಿ ಕೇಳಿದ್ದು, ಇದೂ ಪರೀಕ್ಷೆಯ ಒಂದು ಭಾಗವೇ ಎಂದು. ನಾನು ಯೆಸ್ ಅಂದಿದ್ದೆ.

“ಬೈಯಿ,” ಅಂದೆ.

“ಏನಂತ ಬೈಲಿ? ನಿನ್ನ ಕೈಯಾಗ ಡಬ್ಬಿ ಬಿಟ್ಟು ಬಾಗಲಾಗ ಕುಂದ್ರಿಸಿದೆನಲ್ಲ, ನನಗ ಬುದ್ಧಿ ಇಲ್ಲ.”

ಹೆಲೆನ್ ಮೇಡಮ್ಮೋರು ಬಂದರು. ಸಿಟ್ಟಾಗಲಿಲ್ಲ, ಆದರೆ ಸಡಿಲವೂ ಆಗಲಿಲ್ಲ. ಶುಕ್ರವಾರ ಬೆಳಿಗ್ಗೆ ಯಂತ್ರ ಖಾಲಿ ಇದೆ, ಆಮೇಲೆ ಬೇರೆಯವರ ಪಾಲು. ನಾಲ್ವರೂ ಬಂದರೆ ಸರಿ. ನಾನು ತಕ್ಷಣ ಎದೆ ಮುಟ್ಟಿಕೊಂಡು, ಒಬ್ಬರು ಕಡಿಮೆ ಬಿದ್ದರೆ ನಾನಿದ್ದೇನೆ, ನಾನೂ ಗಣಿಯವನೇ ಎಂದು ಮಗಳ ಬಾಯಲ್ಲಿ ಹೇಳಿಸಿದೆ. ಅವರು ನಕ್ಕು ತಲೆ ಅಲ್ಲಾಡಿಸಿದರು.

“ಶುರುವಿಗೆ ನಿನ್ನ ಅಳತಿ ತಗೊಂಡಿಲ್ಲ ಅಪ್ಪ. ಮ್ಯಾಲ ನೀ ನನ್ನ ಅಪ್ಪ. ಲೆಕ್ಕಕ್ಕ ಹಿಡಿಯಂಗಿಲ್ಲ.”

ಮೂವರು ಶುಕ್ರವಾರ ಬರುತ್ತೇವೆ ಅಂದರು. ಎಮ್ರಿಸ್ ಮಾತ್ರ ಟೊಪ್ಪಿಗೆ ಹಾಕಿಕೊಂಡು, ಇನ್ನು ನಾನು ಒಲ್ಲೆ, ಒಮ್ಮೆ ಹಸಿದದ್ದು ಸಾಕು ಎಂದು ಹೇಳಿ ಗುಡ್ಡ ಇಳಿದರು.

ಕೆಂಪು ಬಾಗಿಲು

“ಹೋಗಿ ಕೈ ಮುಗಿದು ಕರಕೊಂಡು ಬರ್ತೀನಿ,” ಅಂದೆ.

“ಬ್ಯಾಡಪ್ಪ. ಒಲ್ಲೆ ಅಂದವ್ರಿಗೆ ಒತ್ತಾಯ ಮಾಡಂಗಿಲ್ಲ, ಅದು ನಿಯಮ. ಯಾರು ಯಾವಾಗ ಬೇಕಾದ್ರೂ ಬಿಟ್ಟು ಹೋಗಬಹುದು. ಯಾಕಂತನೂ ನಾವು ಕೇಳಬಾರದು.”

“ಸಮಾಧಾನ ಹೇಳಂಗಿಲ್ಲ?”

“ಹೇಳಂಗಿಲ್ಲ.”

ಅವಳು ಒರೆಸಿದ ಯಂತ್ರವನ್ನೇ ಮತ್ತೆ ಮತ್ತೆ ಒರೆಸುತ್ತಿದ್ದಳು. ನನ್ನ ಒಂದು ಡಬ್ಬಿ ಅವಳ ಒಂದು ವರ್ಷವನ್ನು ಉಂಡು ಕೂತಿತ್ತು. ನೋಡಲಾಗಲಿಲ್ಲ.

ಬಾ ಎಂದು ಕರೆಯಬಾರದು, ಸರಿ. ಆದರೆ ನನ್ನಿಂದಾದ ತೊಂದರೆಗೆ ಮನೆಗೆ ಹೋಗಿ ಮಾತಾಡಿಸಿ ಬರುವುದನ್ನು ಯಾವ ನಿಯಮ ಬೇಡವೆನ್ನುತ್ತದೆ? ನಮ್ಮಲ್ಲಿ ತಪ್ಪಾದರೆ ಫೋನಿನಲ್ಲಿ ಮುಗಿಸುವುದಿಲ್ಲ. ಅವರ ಮನೆಗೆ ಹೋಗಿ, ಕೂತು, ಅವರು ಕೊಟ್ಟ ನೀರು ಕುಡಿದರೆ ಮಾತ್ರ ತಪ್ಪು ಕಳೆಯುತ್ತದೆ. ಮಧ್ಯಾಹ್ನ ಒಬ್ಬನೇ ಗುಡ್ಡ ಇಳಿದು ಕೆಂಪು ಬಾಗಿಲು ಬಡಿದೆ. ಹೇಳದೆ ಕೇಳದೆ ಯಾರ ಮನೆಗೂ ಹೋಗದ ದೇಶವದು. ಬಾಗಿಲು ತೆರೆದ ಮುದುಕಿ, ಎಮ್ರಿಸರ ಹೆಂಡತಿ ಮೇರ್, ಏನೋ ಅನಾಹುತವಾಗಿದೆ ಎಂದೇ ಎದೆ ಹಿಡಿದುಕೊಂಡರು. ಆಮೇಲೆ ನನ್ನ ಮುಖ, ಬಣ್ಣ ನೋಡಿ ಗುರುತು ಹತ್ತಿತು. ಕೈ ಬಾಯಿಗೆ ಒಯ್ದು, ಕಣ್ಣು ಮುಚ್ಚಿ, ಹೋಳಿಗೆ ತಿಂದ ಸುಖ ತೋರಿಸಿದರು. ಹಿತ್ತಲಿಗೆ ಕರೆದೊಯ್ದರು.

ಎಮ್ರಿಸ್ ಅಲ್ಲಿ ಹೂವಿನ ಪಾತಿಯ ಎದುರು ಮಂಡಿಯೂರಿದ್ದರು. ನಮ್ಮನ್ನು ಕಂಡು ಏಳಲು ಹೋದರು. ಬೇಲಿಯ ಕಂಬಕ್ಕೆ ಒಂದು ಹಗ್ಗ ಕಟ್ಟಿತ್ತು. ಅದನ್ನು ಜಗ್ಗಿ, ಇನ್ನೊಂದು ಕೈ ಗೋಡೆಗೆ ಊರಿ, ಹಲ್ಲು ಕಚ್ಚಿ ಎದ್ದರು. ನಾನು ಹೂವು ನೋಡುವವನ ಹಾಗೆ ಮುಖ ತಿರುಗಿಸಿದೆ.

ಹಸಿವೆ ನೆಪ ಎಂದು ಆಗ ತಿಳಿಯಿತು. ಎಲ್ಲರ ಎದುರು ಕೈ ಕಟ್ಟಿಕೊಂಡು ಕುರ್ಚಿಯಿಂದ ಏಳಬೇಕಲ್ಲ, ಅದರ ಅಂಜಿಕೆ. ಗಣಿಯಲ್ಲಿ ಹುಲಿಯಂತೆ ಬಾಳಿದವರಿಗೆ ಅದೆಂಥ ಅಂಜಿಕೆ ಎಂದು ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ವಾಡಿಯಲ್ಲಿ ನಾನೂ ಮದುವೆಯ ಪಂಕ್ತಿಯಲ್ಲಿ ಎಲ್ಲರೂ ಎದ್ದು ಹೋಗುವವರೆಗೆ ಕೂತಿರುತ್ತೇನೆ.

“ಸಾರಿ,” ಅಂದೆ ಕೈ ಮುಗಿದು. ಅವರೂ “ಸಾರಿ” ಅಂದರು. ಇಬ್ಬರ ಇಂಗ್ಲಿಷೂ ಅಲ್ಲಿಗೆ ಮುಗಿಯಿತು. ಸುಮ್ಮನೆ ನಿಲ್ಲಲಾಗದೆ ಎರಡು ಹೆಜ್ಜೆ ಇಟ್ಟೆ. ಕಾಲ ಕೆಳಗಿನ ಕಲ್ಲು ಲಟಕ್ ಎಂದಿತು.

ನನ್ನ ಸ್ವಭಾವ ಗೊತ್ತೇ ಇದೆ. ಅಲುಗಾಡುವ ಕಲ್ಲು ಕಂಡರೆ ನನಗೆ ಹಲ್ಲಿನಲ್ಲಿ ಏನೋ ಸಿಕ್ಕಿದ ಹಾಗೆ. ಕಲ್ಲು ತೋರಿಸಿ ಅವರ ಮುಖ ನೋಡಿದೆ. ಅವರು ಮೊಣಕಾಲು ತಟ್ಟಿ, ಕಲ್ಲೆತ್ತಿ ಏಳಲಾಗದೆ ಬಿಟ್ಟಿದ್ದೇನೆ ಎಂದು ತೋರಿಸಿದರು. ಆಮೇಲೆ ಒಳಗೆ ಹೋಗಿ ಗಿಡ್ಡ ಹಾರೆ ತಂದರು. ಅವರ ಹಾರೆ, ನಮ್ಮ ಹಾರೆ ಅಣ್ಣತಮ್ಮಂದಿರು. ನಾನು ಅಂಚಿಗೆ ಹಾರೆ ಕೊಟ್ಟೆ, ಅವರು ಕಲ್ಲು ಹಿಡಿದರು. ಅಡಿಯ ಮಣ್ಣು ಕೆದರಿ, ಸಣ್ಣ ಕಲ್ಲಿನ ಹಳ್ಳು ತುಂಬಿ ಸಮ ಮಾಡಿದೆ. ಅವರು ನನಗಿಂತ ಮೊದಲೇ ಎತ್ತರದ ಮೂಲೆ ಗುರುತಿಸಿ ತಲೆ ಆಡಿಸಿದರು. ಕಲ್ಲು ಕೂತಿತು. ಇಬ್ಬರೂ ಅದರ ಮೇಲೆ ಒಂದೊಂದು ಕಾಲಿಟ್ಟು ತುಳಿದು ನೋಡಬೇಕು, ಆದರೆ ಇಬ್ಬರೂ ನೆಲದ ಮೇಲಿದ್ದೆವು. ಅವರು ಗೋಡೆ ಹಿಡಿದರು. ನಾನು ಮೊಣಕಾಲಿಗೆ ಕೈ ಊರಿ “ಅಯ್ಯವ್ವಾ” ಅಂದೆ. ಅವರೂ ಅದೇ ಹೊತ್ತಿಗೆ ತಮ್ಮ ಭಾಷೆಯಲ್ಲಿ ಅದೇ ಅಂದರು.

ಒಬ್ಬರನ್ನೊಬ್ಬರು ನೋಡಿ ನಕ್ಕೆವು. ಅವರು ಕೆಮ್ಮು ಬರುವವರೆಗೆ ನಕ್ಕರು. ಮೇರ್ ಚಹಾ ತಂದರು. ಕುಡಿದ ಮೇಲೆ ಎಮ್ರಿಸ್ ತಾವೇ ಗುಡ್ಡದ ಕಡೆ ನೋಡಿ, “ಫ್ರೈಡೇ?” ಅಂದರು.

ನಾನು ಬಾ ಎನ್ನಲಿಲ್ಲ. ಮಗಳು ಬೇಡವೆಂದಿದ್ದಳು. ನನ್ನ ಹೊಟ್ಟೆ ಮುಟ್ಟಿಕೊಂಡು, “ಫ್ರೈಡೇ, ಮಿ ಆಲ್ಸೋ ನೋ ಫುಡ್,” ಅಂದೆ. ನಮ್ಮಲ್ಲಿ ಮನೆಗೆ ಬಂದವರು ಉಣ್ಣುವ ಮೊದಲು ಮನೆಯ ಯಜಮಾನ ಉಣ್ಣುವುದಿಲ್ಲ. ಅಷ್ಟನ್ನೆಲ್ಲ ಇಂಗ್ಲಿಷಿನಲ್ಲಿ ಹೇಳುವುದು ನನ್ನ ಕೈಲಾಗಲಿಲ್ಲ. ಅವರು ಹೊಸದಾಗಿ ಕೂತ ಕಲ್ಲನ್ನು ಕಾಲಲ್ಲಿ ಒತ್ತಿ ನೋಡುತ್ತಿದ್ದರು.

ಶುಕ್ರವಾರ

ಗುರುವಾರ ಸಂಜೆಯಿಂದ ನಾನು ನೀರು ಮಾತ್ರ. ಅನ್ನ ಬಿಡುವುದು ದೊಡ್ಡದಲ್ಲ, ಬೆಳಗಿನ ಚಹಾ ಬಿಡುವುದೇ ಕಷ್ಟ. ತಲೆ ಹಲಗೆ ಬಡಿದಂತೆ ಬಡಿಯುತ್ತಿತ್ತು.

“ನಿನ್ನ ಉಪವಾಸ ಯಾರೂ ಅಳತಿ ಮಾಡಂಗಿಲ್ಲಪ್ಪ. ಚಾ ಕುಡಿ,” ಅಂದಳು ಸುಜಾತಾ.

“ಅಳತಿ ನನಗ ಬೇಕಾಗಿಲ್ಲ.”

ಮೂವರು ಬಂದರು. ಈ ಸಲ ಡಬ್ಬಿ ಮಗಳ ಕಪಾಟಿನಲ್ಲಿ, ಬೀಗ ಹಾಕಿ. ನಾನು ಬರಿಗೈಯಲ್ಲಿ ಅವರನ್ನು ಕೂರಿಸಿದೆ. ಜೀವ ಚುರ್ರೆಂದಿತು, ಆದರೂ ಕೂರಿಸಿದೆ. ಅವರಲ್ಲೊಬ್ಬರು ಡಬ್ಬಿ ಎಲ್ಲಿ ಎಂದು ಹುಡುಕುವ ನಟನೆ ಮಾಡಿ ನಗಿಸಿದರು. ಒಬ್ಬೊಬ್ಬರಾಗಿ ಒಳಗೆ ಹೋಗಿ ಬಂದರು. ಎಮ್ರಿಸರ ಕುರ್ಚಿ ಖಾಲಿಯೇ ಇತ್ತು. ಹೆಲೆನ್ ಮೇಡಮ್ಮೋರು ಗಡಿಯಾರ ನೋಡಿದರು. ಸುಜಾತಾ ಉಸಿರು ಅಳೆಯುವ ಮುಖವಾಡದ ಕೊಳವೆ ಕಳಚಲು ಕೈ ಹಾಕಿದಳು.

ನಾನು ಕಿಟಕಿಗೆ ಹೋಗಿ ನೋಡಿದೆ. ಗುಡ್ಡದ ಕಾಲುದಾರಿಯಲ್ಲಿ ಒಂದು ಟೊಪ್ಪಿಗೆ ನಿಧಾನವಾಗಿ ಏರಿ ಬರುತ್ತಿತ್ತು.

“ಸುಜೀ, ಬಿಚ್ಚಬ್ಯಾಡ. ಎಮ್ರಿಸಣ್ಣ ಬರಾಕತ್ತಾನ.”

ಅವಳು ಓಡಿ ಬಂದು ನನ್ನ ಪಕ್ಕ ನಿಂತಳು. ಖೋ ಖೋ ಪಂದ್ಯಕ್ಕೆ ಇಳಿಯುವ ಮೊದಲು ಹಿಡಿಯುತ್ತಿದ್ದ ಹಾಗೆ ನನ್ನ ಅಂಗಿಯ ತೋಳು ಮುಷ್ಟಿಯಲ್ಲಿ ಹಿಡಿದಿದ್ದಳು. ಅವರು ಪೂರ್ತಿ ಏರುವವರೆಗೆ ಬಿಡಲಿಲ್ಲ.

ಎಮ್ರಿಸ್ ಬಂದವರೇ ನನ್ನ ಹೊಟ್ಟೆಗೆ ಬೆರಳು ತೋರಿಸಿದರು. “ನೋ ಫುಡ್,” ಅಂದೆ. “ನೋ ಟೀ,” ಎಂದೂ ಸೇರಿಸಿದೆ. ಅವರು ಬಹಳ ಮರುಕದಿಂದ ನನ್ನ ಹೆಗಲು ತಟ್ಟಿ ಒಳಗೆ ಹೋದರು. ಮೊದಲು ಮಲಗಿಸಿ ಉಸಿರಿನ ಅಳತೆ. ಆಮೇಲೆ ಕುರ್ಚಿ. ಆಗ ಅವರು ಏನೋ ಹೇಳಿದರು. ಸುಜಾತಾ ಬಾಗಿಲನ್ನು ಪೂರ್ತಿ ತೆರೆದಳು. ಬಾಗಿಲು ತೆರೆದೇ ಇರಲಿ, ಹೊರಗಿನವರು ನೋಡಲಿ ಎಂದರಂತೆ.

ಕುರ್ಚಿಯಲ್ಲಿ ಕೂತು ಎಮ್ರಿಸ್ ಕೈಗಳನ್ನು ಎದೆಯ ಮೇಲೆ ಕಟ್ಟಿದರು. ಚಳಿಗಾಲದಲ್ಲಿ ಇದೇ ಕುರ್ಚಿಯಿಂದ ಒಮ್ಮೆಯೂ ಎದ್ದಿರಲಿಲ್ಲವಂತೆ. ಮೈ ಮುಂದೆ ಬಾಗಿತು. ಕುತ್ತಿಗೆಯ ನರ ಉಬ್ಬಿತು. ಕೈ ಬಿಚ್ಚಿಕೊಳ್ಳುತ್ತದೆ ಎಂದೇ ಅಂದುಕೊಂಡೆ. ಬಿಚ್ಚಲಿಲ್ಲ. ಹಾರೆ ಕೊಟ್ಟ ಕಲ್ಲು ಮೊದಲು ಹಟ ಹಿಡಿದು, ಆಮೇಲೆ ಒಮ್ಮೆಲೇ ನೆಲ ಬಿಡುತ್ತದಲ್ಲ, ಹಾಗೆ ಅವರು ಎದ್ದು ನಿಂತರು. ಕೂತರು. ಮತ್ತೆ ಎದ್ದರು. ಮೂರನೆಯ ಸಲ ಎದ್ದಾಗ ನಮ್ಮ ಕಡೆ ನೋಡಿ ಕಣ್ಣು ಹೊಡೆದರು. ಪಡಸಾಲೆಯ ಮೂವರೂ ಕಾಲಲ್ಲಿ ನೆಲ ಕುಟ್ಟತೊಡಗಿದರು. ನಾನೂ ಕುಟ್ಟಿದೆ.

ಮುಖವಾಡ ಹಾಕಿ ಯಂತ್ರದ ಮೇಲೆ ನಡೆಸುವುದೂ ಮುಗಿಯಿತು. ಹೆಲೆನ್ ಮೇಡಮ್ಮೋರು ಪರದೆ ನೋಡಿ, ಸುಜಾತಳ ಕೈ ಕುಲುಕಿದರು. ಅವಳು ಕಪಾಟಿನ ಬೀಗ ತೆಗೆದು ಡಬ್ಬಿಯನ್ನು ನನ್ನ ಕೈಗೇ ಕೊಟ್ಟಳು.

“ಈಗ ಕುಂದ್ರಿಸು, ಅಪ್ಪ.”

ಆ ದಿನ ಕಾಲೇಜಿನ ಪಡಸಾಲೆಯಲ್ಲಿ ಸಜ್ಜಿ ರೊಟ್ಟಿ ಮುರಿದ ಸಪ್ಪಳ ಕೇಳಬೇಕಿತ್ತು. ಎಮ್ರಿಸ್ ಅದನ್ನು ಬೆಳಕಿಗೆ ಹಿಡಿದು, ಬೆರಳಿನಿಂದ ಬಡಿದು, ಕಲ್ಲು ಪರೀಕ್ಷಿಸುವ ಹಾಗೆ ಪರೀಕ್ಷಿಸಿ ಎಲ್ಲರನ್ನೂ ನಗಿಸಿದರು. ಹಿಂಡಿಯ ಖಾರಕ್ಕೆ ಮೇಡಮ್ಮೋರ ಮೂಗು ಕೆಂಪಾಯಿತು, ಆದರೂ ಬಿಡಲಿಲ್ಲ. ನಾನು ಅವರು ತಿನ್ನುವುದನ್ನು ನೋಡಿ ಕೊನೆಗೆ ಒಂದು ಹೋಳಿಗೆ ತಿಂದೆ. ಅಂಥ ಹೋಳಿಗೆಯನ್ನು ನಮ್ಮ ಮನೆಯವಳು ಅದುವರೆಗೆ ಮಾಡಿರಲಿಲ್ಲ.

ಆಮೇಲೆ ಎಲ್ಲರೂ ಸೇರಿ ನನ್ನನ್ನು ಆ ನಡೆಯುವ ಯಂತ್ರದ ಎದುರು ನಿಲ್ಲಿಸಿದರು. ಲೆಕ್ಕಕ್ಕಲ್ಲ, ಸುಮ್ಮನೆ. ಕಾಲ ಕೆಳಗೆ ಪಟ್ಟಿ ಸರಿಯುತ್ತಿತ್ತು. ಹೈದರಾಬಾದಿನ ಆ ಮೆಟ್ಟಿಲು ನೆನಪಾಯಿತು. ಚಿಂಚೋಳಿಯ ಹೆಣ್ಣುಮಗಳೂ ನೆನಪಾದಳು. ಕೆಳಗೆ ನೋಡದೆ ಮಗಳ ಮುಖ ನೋಡುತ್ತ ಕಾಲಿಟ್ಟೆ. ನೆಲ ನಡೆಯಿತು, ನಾನೂ ನಡೆದೆ. ಹಿಂದಿನಿಂದ ಮುದುಕರು ಅವರ ಭಾಷೆಯಲ್ಲಿ ಏನೋ ಕೂಗುತ್ತಿದ್ದರು.

“ಏನಂತಾರ?”

“ಶಹಬ್ಬಾಸ್ ಅನ್ನಾಕತ್ತಾರ. ಮುಂದ ನೋಡ್ಕೊಂಡು ನಡಿ.”

ಮತ್ತೆ ವಾಡಿ

ಸುಜಾತಾ ಪಾಸಾದ ಸುದ್ದಿ ನಾನು ಊರಿಗೆ ಬಂದ ಮೇಲೆ ಬಂತು. ಒಳ್ಳೆಯ ದರ್ಜೆಯಲ್ಲೇ ಪಾಸು. ಮುಂದಿನ ಕೆಲಸವನ್ನೂ ಅವಳೇ ಆರಿಸಿಕೊಂಡಿದ್ದಾಳೆ. ಆ ಕುರ್ಚಿಯನ್ನು ಇಲ್ಲಿಗೆ ತರುತ್ತಾಳಂತೆ. ರಾವೂರು, ಶಹಾಬಾದಿನ ಗಣಿಯವರ ಮೊಣಕಾಲು ನೋಡುತ್ತಾಳಂತೆ. ಹೆಲೆನ್ ಮೇಡಮ್ಮೋರೂ ಜೊತೆಗಿರುತ್ತಾರೆ.

ನಾನು ಮೊದಲು ಹೋದದ್ದು ಚಾಂದಪಾಶಾನ ಹೋಟೆಲಿಗೆ. ಬಸವಂತರಾವ್ ಅದೇ ಕಟ್ಟೆಯ ಮೇಲೆ ಇದ್ದರು.

“ಬಂದ್ರಾ ಫಾರಿನ್ ಮೇಸ್ತ್ರಿ? ಮಗಳದು ಸೀಟಿ ಊದೋದು ಪಾಸಾಯ್ತಾ?”

“ಪಾಸಾಯ್ತ್ರಿ. ಅದನ್ನೇ ಜರಾ ತೋರಸ್ತೀನಿ. ಎರಡೂ ಕೈ ಎದಿ ಮ್ಯಾಲ ಕಟ್ಟಿ, ಕುಂತಲ್ಲಿಂದ ಎದ್ದು ನಿಂದ್ರಿ ನೋಡೋಣು.”

“ಅದರಾಗೇನದ?” ಎಂದು ಅವರು ಕೈ ಕಟ್ಟಿದರು. ಮುಂದೆ ಬಾಗಿದರು, ಹಿಂದೆ ಬಂದರು. ಮತ್ತೆ ಬಾಗಿದರು. ಕಟ್ಟೆ ಅವರನ್ನು ಬಿಡಲಿಲ್ಲ. ಚಾಂದಪಾಶಾ ಚಹಾ ಸೋಸುವುದು ಬಿಟ್ಟು ಬಂದು ನಿಂತ.

“ಗುಮಾಸ್ತರ, ಕಟ್ಟಿಗಿ ಗೋಂದ ಹಚ್ಚಿಲ್ಲ ನಾ,” ಅಂದ.

ಮಂದಿ ನಗಲು ಶುರು ಮಾಡಿದರು. ಬಸವಂತರಾವ್ ಮುಖ ತಗ್ಗಿಸಿದರು. ಅವರ ಕೈ ಮೆಲ್ಲಗೆ ಎದೆ ಬಿಟ್ಟು ಕಟ್ಟೆಯ ಕಡೆ ಹೋಯಿತು. ಆ ಕೈ ನೋಡಿದೊಡನೆ ನನಗೆ ಹಗ್ಗ ಕಟ್ಟಿದ ಆ ಹಿತ್ತಲು ಕಣ್ಣಿಗೆ ಬಂತು. ಇಷ್ಟು ತಿಂಗಳು ಕೂಡಿಟ್ಟ ಜವಾಬುಗಳೆಲ್ಲ ಬಾಯಿಗೆ ಬಂದಿದ್ದವು, ನುಂಗಿದೆ. ಹೋಗಿ ಅವರ ಪಕ್ಕದಲ್ಲೇ ಕೂತೆ.

“ನನಗೂ ಬರ್ತಿರಲಿಲ್ರಿ, ಅಲ್ಲೇ ಕಲ್ತೆ. ಇದನ್ನೇ ಕಲ್ತಾಳ ನನ್ನ ಮಗಳು. ಕಾಲಿಗಿ ಏಳೂದರ ನೆನಪು ಹೋಗಿರ್ತದ, ಶಕ್ತಿ ಅಲ್ಲ. ಹೇಳಿಕೊಟ್ರ ಮತ್ತ ನೆಪ್ಪಾಗ್ತದ. ಪಾದ ಹಿಂದಕ ತಗೋರಿ. ಮೂಗು ಮುಂದಕ. ಹಾಂ, ಹಂಗ.”

ಅಂದು ಅವರು ಏಳಲಿಲ್ಲ. ಮರುದಿನ ಇಟ್ಟಿಗೆ ಇಟ್ಟು ಹಲಗೆ ಹಾಕಿ ಕಟ್ಟೆಯನ್ನು ಎತ್ತರ ಮಾಡಿಕೊಟ್ಟೆ, ಎತ್ತರದಿಂದ ಎದ್ದರು. ಆಮೇಲೆ ಇಟ್ಟಿಗೆ ತೆಗೆಯುತ್ತ ಬಂದೆ. ಈಗ ಬೆಳಿಗ್ಗೆ ಆ ಹೋಟೆಲಿಗೆ ಬಂದು ನೋಡಿದರೆ ರಿಟೈರಾದವರೆಲ್ಲ ಕೈ ಕಟ್ಟಿಕೊಂಡು ಏಳುತ್ತ ಕೂರುತ್ತ ಇರುತ್ತಾರೆ. ಏಳದವರಿಗೆ ಚಾಂದಪಾಶಾ ಚಹಾ ಕೊಡುವುದಿಲ್ಲ.

ಮೊನ್ನೆ ಬಸವಂತರಾವ್ ಇಟ್ಟಿಗೆಯಿಲ್ಲದ ಕಟ್ಟೆಯಿಂದ ಎದ್ದು ನಿಂತರು. ತಾವೇ ನಂಬದವರಂತೆ ತಮ್ಮ ಕಾಲು ನೋಡಿಕೊಂಡರು. ಆಮೇಲೆ ಹೋಟೆಲಿನವರೆಲ್ಲ ಕೇಳುವಂತೆ ನನ್ನನ್ನು ಕೇಳಿದರು.

“ಮೇಸ್ತ್ರಿ, ನಮ್ಮ ಸುಜಾತಾ ಮೇಡಂ ಯಾವಾಗ ಬರ್ತಾರ?”

ನಾನು ಬಟ್ಟಲಿನ ಚಹಾ ಪೂರ್ತಿ ಕುಡಿದೆ. ಕೈ ಊರದೆ ಎದ್ದು ನಿಂತೆ. ಆಮೇಲೆ ಹೇಳಿದೆ, “ದಸರಾದ ಬನ್ನಿ ಹಬ್ಬಕ್ಕ ಬರ್ತಾಳ್ರಿ.”